ಮನೆಯಲ್ಲಿ ವಾಸವಿರುವವರು

ಗುರುವಾರ, ನವೆಂಬರ್ ಹದಿಮೂರರ ಬೆಳಗ್ಗೆ ಏಳಕ್ಕೆ, ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಕೂತು ಕಾನ್‌ಸ್ಟೆಬಲ್ ವಿಜಯಶ್ರೀ ಡೈರಿಯಲ್ಲಿ ಒಂದೇ ಒಂದು ಸಾಲು ಬರೆದಳು: 'ಆ ಹುಡುಗಿ ಕೇಳಿಸಿಕೊಂಡಳು.' ಬರೆದ ಮೇಲೆ ಹಿಂದಿನ ಹಾಳೆಗಳನ್ನು ತಿರುವಿ ನೋಡಿದಳು. ಸೆಪ್ಟೆಂಬರ್‌ನಿಂದ ಈ ಸಾಲನ್ನು ಐದನೇ ಸಲ ಬರೆಯುತ್ತಿದ್ದಾಳೆ.

ವಿಷಯ ದೊಡ್ಡದಲ್ಲ. ಯಾರೂ ದೂರು ಕೊಟ್ಟಿಲ್ಲ, ಯಾರೂ ಕೇಳಿಲ್ಲ. ಸೆಪ್ಟೆಂಬರ್ ಎರಡರಂದು ಆಳಂದದ ಹಳೆ ಪೇಟೆಯ ಒಂದು ಮನೆಗೆ ಅವಳು ಪೊಲೀಸ್ ವಿಚಾರಣೆಗೆ ಹೋಗಿದ್ದಳು. ಹೈಸ್ಕೂಲು ಮಾಸ್ತರ ಮಯೂರ, ಅದೇ ಶಾಲೆಯಲ್ಲಿ ಕಲಿಸುವ ಅವನ ಹೆಂಡತಿ ಅನುರಾಧಾ. ಅನುರಾಧಾಳ ತಂಗಿ, ತಂಗಿಯ ಗಂಡ ಇಬ್ಬರೂ ನೈರೋಬಿಯಲ್ಲಿ ಕಾರು ಉರುಳಿ ಸತ್ತಿದ್ದರು. ಅವರ ನಾಲ್ಕು ವರ್ಷದ ಹೆಣ್ಣುಕೂಸು ಅಲ್ಲಿಯ ಅನಾಥಾಲಯದಲ್ಲಿತ್ತು. ಅದನ್ನು ದತ್ತು ತೆಗೆದುಕೊಳ್ಳಲು ಇವರು ಹೊರಟಿದ್ದರು. ಅದಕ್ಕೆ ಮನೆಯ ವರದಿ ಬೇಕು. ಫಾರ್ಮಿನಲ್ಲಿ 'ಮನೆಯಲ್ಲಿ ವಾಸವಿರುವವರು' ಎಂಬ ಕಾಲಂ ಇತ್ತು. ಹೆಸರು, ವಯಸ್ಸು, ಸಂಬಂಧ. ಮಯೂರ, ಅನುರಾಧಾ, ಮಯೂರನ ತಾಯಿ ತುಳಸಾಬಾಯಿ. ನಾಲ್ಕನೆಯ ಹೆಸರು ವೃಂದಾ, ಹತ್ತೊಂಬತ್ತು ವರ್ಷ.

"ಸಂಬಂಧ ಏನಂತ ಬರೀಲಿ ಸರ್?"

ಮಯೂರ ಹೆಂಡತಿಯ ಮುಖ ನೋಡಿದ. "ಮನಿಗೆಲಸಕ್ಕ ಇರ್ತಾಳಂತ ಬರೀರಿ. ಇಲ್ಲಾಂದ್ರ ಆಕಿದೂ ಕಾಗದ ಕೇಳ್ತಾರ. ಫೈಲು ಒಂದ್ ವರ್ಷ ಹಿಂದ ಬೀಳ್ತದ."

ಗೋಡೆಯ ಮೇಲೆ ಒಂದು ಫೋಟೋ ಇತ್ತು. ಶಾಲೆಯ ಸಮವಸ್ತ್ರದಲ್ಲಿ ಬಹುಮಾನದ ಕಪ್ಪು ಹಿಡಿದ ಪುಟ್ಟ ವೃಂದಾ, ಅವಳ ಹೆಗಲ ಮೇಲೆ ಅನುರಾಧಾಳ ಕೈ. ಒಳಗಿನ ಕೋಣೆಯಿಂದ ಮುದುಕಿ "ವೃಂದೀ, ನನ್ನ ಬಂಗಾರಾ" ಎಂದು ಕರೆಯುತ್ತಿದ್ದಳು. ಈ ಹುಡುಗಿ ಮನೆಗೆಲಸದವಳಲ್ಲ ಎಂದು ವಿಜಯಶ್ರೀಗೆ ಆ ಕ್ಷಣವೇ ತಿಳಿದಿತ್ತು. ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಅವಳು ಬರೆದಳು. ಬರೆದು ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ವೃಂದಾ ನಿಂತಿದ್ದಳು. ನಾಲ್ಕು ಕಪ್ ಚಹಾ. ಟ್ರೇ ಒಂದಿಷ್ಟೂ ಅಲುಗಲಿಲ್ಲ. ಅಲುಗಿದ್ದರೆ ವಿಜಯಶ್ರೀ ಬಹುಶಃ ಮರೆತುಬಿಡುತ್ತಿದ್ದಳು.

ಒಂಬತ್ತೂವರೆಗೆ ಅವಳು ಠಾಣೆಯಲ್ಲಿದ್ದಳು. ಒಂಬತ್ತು ನಲವತ್ತಕ್ಕೆ ಅದೇ ಮಯೂರ, ಅದೇ ಅನುರಾಧಾ ಮೆಟ್ಟಿಲು ಹತ್ತಿ ಬಂದರು.

ಪಿಎಸ್‌ಐ ಅಮರನಾಥ ಈ ಠಾಣೆಗೆ ಬಂದು ಇನ್ನೂ ತಿಂಗಳಷ್ಟೇ ಆಗಿತ್ತು. ಮಾತು ಕಡಿಮೆ, ಗಡಿಯಾರ ನೋಡುವುದು ಹೆಚ್ಚು. ಎದುರು ಕುರ್ಚಿ ತೋರಿಸಿ ಕೇಳಿದ:

"ಏನ್ ಕಳದದ?"

"ಫೈಲು ಸರ್, ನೀಲಿದು. ನಮ್ಮಿಬ್ಬರ ಪಾಸ್‌ಪೋರ್ಟು, ಕೋರ್ಟಿನ ಕಾಗದ, ಹಳದಿ ಕಾರ್ಡು ಎಲ್ಲಾ ಅದರಾಗ ಅವ."

"ಹಳದಿ ಕಾರ್ಡ್ ಅಂದ್ರ?"

"ಹಳದಿ ಜ್ವರದ ಲಸಿಕಿದ್ದು ಸರ್. ಆಫ್ರಿಕಾಕ್ಕ ಹೋಗಿ ಬರಾಕ ಅದು ಬೇಕು."

"ಹೊರಡೋದು ಯಾವಾಗ?"

"ಶನಿವಾರ ಮಧ್ಯಾಹ್ನ ಇಲ್ಲಿಂದ ಹೈದರಾಬಾದಿಗೆ. ರವಿವಾರ ವಿಮಾನ. ಮಂಗಳವಾರ ಹದಿನೆಂಟಕ್ಕ ನೈರೋಬಿ ಕೋರ್ಟಿನ್ಯಾಗ ಇಬ್ಬರೂ ಖುದ್ದು ನಿಲ್ಲಬೇಕು."

"ನಿಲ್ಲದಿದ್ರ?"

ಅನುರಾಧಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳಿದಳು: "ಕೂಸಿನ ಹೆಸರು ಬ್ಯಾರೆಯವರ ಪಟ್ಟಿಗೆ ಹೋಗ್ತದ್ರಿ. ಎರಡು ಸಲ ತಾರೀಖು ಮುಂದ ಹೋಗ್ಯಾವ. ಮೂರನೇದ್ದು ಕೊಡಂಗಿಲ್ಲ ಅಂದಾರ."

ಫಿರ್ಯಾದಿಯನ್ನು ವಿಜಯಶ್ರೀಯೇ ಬರೆದುಕೊಂಡಳು. ಸಮಯ 10.15. ಭಾರತೀಯ ನ್ಯಾಯ ಸಂಹಿತೆಯ ಕಲಂ 305, ವಾಸದ ಮನೆಯಲ್ಲಿ ಕಳವು. ಆರೋಪಿ: ಅಪರಿಚಿತ. ಎಫ್‌ಐಆರ್ ಪ್ರತಿಯನ್ನು ಮಯೂರನ ಕೈಗೆ ಕೊಡುವಾಗ ಅವನು ಅವಳ ಗುರುತು ಹಿಡಿದು ಸಣ್ಣಗೆ ನಕ್ಕ. ಅವಳು ಮೇಜಿನ ಕಡೆ ನೋಡಿದಳು.

"ನೋಡ್ರಿ ಸಾಹೇಬ್ರ," ಎಂದ ಹೆಡ್ ಕಾನ್‌ಸ್ಟೆಬಲ್ ಮಸೂದ. ಐವತ್ತೆರಡರ ಹಳೆ ಹುಲಿ, ಬಾಯಲ್ಲಿ ಸದಾ ಲವಂಗ. "ನಮ್ಮ ವಿಜಯಶ್ರೀಬಾಯಿದು ಪೆನ್ನೇ ಮಾತಾಡ್ತದ. ಬಾಯಿಗೆ ಮಾತ್ರ ಸರ್ಕಾರಿ ರಜಾ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಹನ್ನೊಂದೂವರೆಗೆ ಇಬ್ಬರು ಪಂಚರ ಎದುರು ಮನೆಯಲ್ಲಿ ಪಂಚನಾಮೆ ಶುರುವಾಯಿತು. ಬಾಗಿಲು ಮುರಿದಿಲ್ಲ. ಅಲಮಾರಿಗೆ ಬೀಗವೇ ಹಾಕುತ್ತಿರಲಿಲ್ಲ. ಅಲಮಾರಿ ಇದ್ದ ಕೋಣೆಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಕೋಣೆ. ಹೊಸದಾಗಿ ಹಳದಿ ಬಣ್ಣ ಬಳಿದಿದ್ದರು. ಪುಟ್ಟ ಮಂಚ, ಪ್ಲಾಸ್ಟಿಕ್ ಕವರು ಬಿಚ್ಚದ ಹಾಸಿಗೆ. ನೆಲದ ಮೇಲೆ ಒಂದು ಚೌಕ ಮಾತ್ರ ಬಣ್ಣಗೆಟ್ಟಿತ್ತು. ಬಹಳ ವರ್ಷ ಅಲ್ಲೊಂದು ಟ್ರಂಕು ಇದ್ದಿರಬೇಕು. ಟ್ರಂಕು ಈಗ ಪಡಸಾಲೆಯಲ್ಲಿ ಟೀವಿಯ ಕೆಳಗಿತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ 'ವೃಂದಾ' ಎಂದಿತ್ತು.

"ಆ ಕೋಲಿ ಮೊದಲ ವೃಂದಿದಿತ್ತು," ಎಂದಳು ತುಳಸಾಬಾಯಿ, ಯಾರೂ ಕೇಳದಿದ್ದರೂ. "ಈಗ ನನ್ನ ಬಾಜೂಕ ಮಲಗ್ತಾಳ. ನನಗೂ ಛಲೋ ಆತು, ಮೊಣಕಾಲು ಒತ್ತತಾಳ."

ಅಮರನಾಥ ಅಲಮಾರಿಯ ಮೇಲಿನ ಅರೆ ನೋಡುತ್ತಿದ್ದ. ಸೀರೆಗಳ ಪಕ್ಕದಲ್ಲಿ ಒಂದು ಫೋಟೋ. ಎರಡು ಜಡೆ ಹಾಕಿದ ಕೂಸು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿತ್ತು.

"ಇದು?"

"ಅದೇ ಕೂಸು ಸರ್," ಎನ್ನುವಾಗ ಅನುರಾಧಾಳ ದನಿ ನಡುವೆಯೇ ತಡೆಯಿತು. "ಅಯ್ಯ, ಇದು ಫೈಲಿನೊಳಗ ಇತ್ತಲ್ಲ!"

"ಕಡೀಕ ಫೈಲಿನ್ಯಾಗ ನೋಡಿದ್ದು ಯಾವಾಗ?"

"ಮಂಗಳವಾರ ಮುಂಜಾನೆ. ದಿನಾ ಚಹಾಕ್ಕಿಂತ ಮೊದಲ ಒಮ್ಮೆ ತಗದು ನೋಡ್ತೇನಿ. ನಿನ್ನೆ ಬುಧವಾರ ನೋಡಿದ್ರ ಅರ್ಯಾಗೇ ಇತ್ತು. ನಾನೇ ಹೊರಗ ಬಿಟ್ಟೇನಿ ಅನಕೊಂಡೆ. ಫೈಲು ನೋಡ್ಲಿಲ್ಲ. ಇವತ್ತ ಬ್ಯಾಗಿಗೆ ಇಡಬೇಕಂತ ಹುಡುಕಿದೆ."

ಅಮರನಾಥ ಫೋಟೋವನ್ನು ಅಂಚು ಹಿಡಿದು ತಿರುಗಿಸಿದ. ಅದು ಒಮ್ಮೆ ನೆನೆದು ಒಣಗಿದಂತೆ ಸುರುಟಿಕೊಂಡಿತ್ತು. ಹಿಂಬದಿಗೆ ಬಸ್ಸಿನ ಟಿಕೇಟೊಂದು ಅಂಟಿಕೊಂಡಿತ್ತು. ವಿಜಯಶ್ರೀ ಪಂಚನಾಮೆಗೆ ಓದಿ ಬರೆದುಕೊಂಡಳು: ಅಫಜಲಪುರದಿಂದ ಜೇವರ್ಗಿ, 11-11-2025, ಬೆಳಗ್ಗೆ 10.42, ಮೊತ್ತ ಸೊನ್ನೆ.

"ಸೊನ್ನಿ ಟಿಕೇಟು," ಎಂದ ಮಸೂದ. "ಹೆಣ್ಮಕ್ಕಳದು."

"ಹೌದು," ಎಂದ ಅಮರನಾಥ. "ಮಂಗಳವಾರ ಹೆಣ್ಣುಮಗಳೊಬ್ಬಳು ಫೈಲು ತಗೊಂಡು ಜೇವರ್ಗಿ ಹಾದಿಗೆ ಹೋಗ್ಯಾಳ. ಆದ್ರ ಫೋಟೋ ತಿರುಗಿ ಇಲ್ಲಿ ಬಂದದ. ಮನ್ಯಾಗಿನವರು ಮಂಗಳವಾರ ಎಲ್ಲಿದ್ರಿ?"

"ನಾವಿಬ್ಬರೂ ಸಾಲ್ಯಾಗ. ಅವ್ವ ಮನ್ಯಾಗ," ಎಂದ ಮಯೂರ.

"ಮತ್ತ ಈಕಿ?"

ವೃಂದಾ ಚಹಾ ತಂದಿದ್ದಳು. "ಕಾಲೇಜಿಗೆ ಹೋಗಿದ್ದೆ," ಎಂದಳು. ದನಿ ಸಮವಾಗಿತ್ತು. ಪಂಚರಿಗೆ, ಮಸೂದನಿಗೆ, ಸಾಹೇಬರಿಗೆ ಕಪ್ಪು ಕೊಟ್ಟಳು. ವಿಜಯಶ್ರೀಯ ಮುಂದೆ ಬಂದಾಗ ಒಂದು ಗಳಿಗೆ ನಿಂತು, "ನಿಮಗ ಸಕ್ರಿ ಕಮ್ಮಿ, ಅಲ್ಲೇನ್ರಿ?" ಎಂದಳು. ಎರಡು ತಿಂಗಳ ಹಿಂದಿನ ಮಾತು. ನೆನಪಿಟ್ಟಿದ್ದಾಳೆ. ವಿಜಯಶ್ರೀ ಕಪ್ಪನ್ನು ಕೆಳಗಿಟ್ಟು ಮತ್ತೆ ಪಂಚನಾಮೆ ಬರೆಯತೊಡಗಿದಳು.

"ಹೊರಗಿನವರು ಯಾರ್ಯಾರು ಬಂದಿದ್ರು?" ಅಮರನಾಥ ಕೇಳುತ್ತಿದ್ದ.

"ಡ್ರೈವರ್ ಜಾವೀದ," ಎಂದ ಮಯೂರ. "ವಿಮಾನ ನಿಲ್ದಾಣಕ್ಕ ಅವನೇ ಬಿಡಾಂವ. ಮಂಗಳವಾರ ಮುಂಜಾನೆ ಎಂಟಕ್ಕ ತೂಕದ ಕಾಟಾ ತಂದು ಸೂಟ್‌ಕೇಸು ತೂಗಿದ. ಸಂಜಿಗೆ ಕಾಟಾ ಒಯ್ಯಾಕ ಮತ್ತ ಬಂದಿದ್ದ."

"ಈ ಕೋಲಿಗೆ ಬಂದಿದ್ನೇನು?"

"ಸೂಟ್‌ಕೇಸು ಇಲ್ಲೇ ಇದ್ವು ಸರ್."

ಮಧ್ಯಾಹ್ನ ಎರಡಕ್ಕೆ ಜಾವೀದ ಠಾಣೆಯ ಬೆಂಚಿನ ಮೇಲಿದ್ದ. ಮೂವತ್ತರ ಆಸುಪಾಸು, ತೊಡೆಯ ಮೇಲೆ ಬೆರಳು ಕುಣಿಸುತ್ತ ಕೂರುವ ಚಟ.

"ಫೈಲು ಎಲ್ಲದ ಲೇ?" ಮಸೂದ ಶುರುಮಾಡಿದ.

"ಚಾಚಾ, ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ. ಅವರದ್ದು ತಗೊಂಡು ಏನ್, ಮಾಸ್ತರ ಮಾರಿ ಅಂಟಿಸ್ಕೊಂಡು ಆಫ್ರಿಕಾಕ್ಕ ಹೋಗ್ಲಾ?"

"ಕೇಳಿದ್ದಕ್ಕ ಅಷ್ಟೇ ಹೇಳು," ಎಂದ ಅಮರನಾಥ. "ನಿನ್ನ ಹೆಂಡತಿ ತವರು ಯಾವೂರು?"

ಜಾವೀದನ ಬೆರಳು ನಿಂತವು. "ಜೇವರ್ಗಿರಿ."

"ಮಂಗಳವಾರ ಆಕಿ ಎಲ್ಲಿದ್ಲು?"

"ಜೇವರ್ಗಿಗೇ ಹೋಗ್ಯಾಳ್ರಿ. ತಂಗಿದು ಬಾಣಂತನ."

"ಹೆಂಗ ಹೋದ್ಲು?"

"ಬಸ್ಸಿಗೆ. ಬಸ್ಸು ಪುಕ್ಕಟ ಇರುವಾಗ ನನ್ನ ಗಾಡಿ ಯಾಕ ಹತ್ತತಾಳ್ರಿ ಸಾಹೇಬ್ರ?"

ಮಸೂದ ಮತ್ತು ಅಮರನಾಥ ಪರಸ್ಪರ ನೋಡಿಕೊಂಡರು. ಜೇವರ್ಗಿ, ಮಂಗಳವಾರ, ಸೊನ್ನೆ ಟಿಕೇಟು. ಕೂಸಿನ ಫೋಟೋ ಗೊತ್ತೇ ಎಂದು ಕೇಳಿದಾಗ ಜಾವೀದ ಹೌದೆಂದ, ಅನುರಾಧಾ ಅಕ್ಕ ತನಗೂ ತೋರಿಸಿದ್ದಾರೆಂದ. ಹೇಳಿದಷ್ಟೂ ಅವನೇ ಸಿಕ್ಕಿಕೊಳ್ಳುತ್ತಿದ್ದ.

"ಗಾಡಿ ಕೀಲಿ ಇಲ್ಲೇ ಇರಲಿ. ನಾಳೆ ಒಂಬತ್ತಕ್ಕ ಬಂದು ಕೂಡು."

"ನಾಳೆ ಬೀದರಿಗೆ ಒಂದು ಮದಿವಿ ಬಾಡಿಗಿ ಹಿಡದೇನಿ ಸಾಹೇಬ್ರ..."

"ಇಲ್ಲೇ ಕೂಡು ಅಂದೆ."

ಕೀಲಿಯ ಗೊಂಚಲನ್ನು ಮೇಜಿನ ಮೇಲಿಟ್ಟು ಅವನು ಹೋದ. ಗೊಂಚಲಿಗೆ ಪುಟ್ಟ ಮಗುವಿನ ಬೂಟೊಂದು ಕಟ್ಟಿತ್ತು. ವಿಜಯಶ್ರೀ ಅದನ್ನೇ ನೋಡುತ್ತ ಕೂತಳು. ಅವಳಿಗೆ ಕದ್ದವರು ಯಾರು ಎಂದು ಖಚಿತವಾಗಿ ಗೊತ್ತಿರಲಿಲ್ಲ. ಆದರೆ ಯಾರು ಅಲ್ಲ ಎಂಬುದು ಗೊತ್ತಿತ್ತು. ಫೋಟೋ ತಿರುಗಿ ತಂದಿಟ್ಟವರಿಗೆ ಅನುರಾಧಾ ಬೆಳಗ್ಗೆ ಚಹಾಕ್ಕೆ ಮೊದಲು ಅದನ್ನು ನೋಡುತ್ತಾಳೆಂಬುದು ಗೊತ್ತಿರಬೇಕು. ಚಹಾ ಮಾಡಿ ಕೊಡುವವರಿಗೆ ಗೊತ್ತಿರುತ್ತದೆ. ಇಷ್ಟು ಹೇಳಿದರೆ ಸಾಕು. ಆದರೆ ಇಷ್ಟು ಹೇಳಿದರೆ ಸಾಹೇಬರು ಕೇಳುತ್ತಾರೆ: ಆ ಹುಡುಗಿಗೆ ಇವರ ಮೇಲೆ ಸಿಟ್ಟು ಯಾಕೆ? ಆಗ ಸೆಪ್ಟೆಂಬರಿನ ವರದಿ ಹೊರಗೆ ಬರುತ್ತದೆ. ಅವಳ ಕೆಲಸ. ಕೆಲಸ ಮಾತ್ರವಲ್ಲ, ವರದಿ ಸುಳ್ಳು ಎಂದಾದರೆ ನೈರೋಬಿಯ ಕೋರ್ಟು ಆ ಕೂಸನ್ನು ಇವರಿಗೆ ಕೊಡುತ್ತದೆಯೇ?

ಐದೂವರೆಗೆ ಅವಳು ಅಮರನಾಥನ ಬಾಗಿಲಲ್ಲಿ ನಿಂತಳು.

"ಏನು?"

"ಸರ್..."

"ಹೇಳ್ರಿ."

"ನಾಳೆ ಎಷ್ಟಕ್ಕ ಬರಲಿ ಸರ್?"

"ಏಳಕ್ಕ. ಅಫಜಲಪುರ ಡಿಪೊಕ್ಕ ಹೋಗೋದದ."

ಶುಕ್ರವಾರ ಏಳು ಇಪ್ಪತ್ತಕ್ಕೆ ಜೀಪು ಆಳಂದ ಬಿಟ್ಟಿತು. ನಿಂಬರ್ಗಾದ ಆಚೆ ರಸ್ತೆಯ ಎರಡೂ ಕಡೆ ತೊಗರಿ ಹೂವಿಗೆ ನಿಂತಿತ್ತು. ಮಸೂದ ಮುಂದೆ ಕೂತು ತೂಕಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ವಿಜಯಶ್ರೀ ಬೆರಳಲ್ಲಿ ಕಿಟಕಿಯ ರಬ್ಬರು ಕೀಳುತ್ತಿದ್ದಳು. ಅದು ಕಿತ್ತು ಕೈಗೆ ಬಂದಾಗ ಗಾಬರಿಯಾಗಿ ಮತ್ತೆ ಅಂಟಿಸಲು ನೋಡಿದಳು.

ಡಿಪೊದಲ್ಲಿ ಟಿಕೇಟಿನ ಮೇಲಿನ ಮಷೀನ್ ನಂಬರು ನೋಡಿ ಕಂಡಕ್ಟರ್ ಅಣ್ಣಾರಾಯನನ್ನು ಕರೆಸಿದರು. ಒಂಬತ್ತೂ ಹತ್ತಕ್ಕೆ ಅವನು ಅಲ್ಯುಮಿನಿಯಂ ಪೆಟ್ಟಿಗೆಯೊಂದಿಗೆ ಬಂದ. ಅಮರನಾಥ ಜಾವೀದನ ಹೆಂಡತಿಯ ಫೋಟೋ ತೋರಿಸಿದ.

"ಮಂಗಳವಾರ ನಿಮ್ಮ ಬಸ್ಸಿನ್ಯಾಗ ಈಕಿ ಬಂದಿದ್ಲೇನು?"

"ದಿನಾ ನೂರಾರು ಹೆಣ್ಮಕ್ಕಳಿಗೆ ಟಿಕೇಟು ಹರೀತೇನಿ ಸರ್, ಹೆಂಗ ಹೇಳ್ಲಿ?"

"ಕೈಯಾಗ ನೀಲಿ ಫೈಲು."

ಅಣ್ಣಾರಾಯ ಪೆಟ್ಟಿಗೆ ಕೆಳಗಿಟ್ಟ. "ಹಾಂ! ಫೈಲಿನ ಹುಡುಗಿ! ಆಕಿನ್ನ ಹೆಂಗ ಮರೀಲಿ, ನನ್ನ ಬಸ್ಸು ಏಳು ನಿಮಿಷ ಲೇಟು ಮಾಡಿದಾಕಿ. ಆದ್ರ ಈಕಿ ಅಲ್ರಿ. ಅದು ಕಾಲೇಜಿನ ಹುಡುಗಿ, ಸಣ್ಣಾಕಿ, ಬಿಳಿ ಬ್ಯಾಗು."

"ಏನಾತು ಹೇಳ್ರಿ."

"ಘತ್ತರಗಿಯಾಗ ಹತ್ತು ನಿಮಿಷ ನಿಲ್ಲಸ್ತೇವ್ರಿ, ಭಾಗ್ಯವಂತಿಗೆ ಕಾಯಿ ಒಡಸವರು ಇರ್ತಾರ. ಈಕಿ ಗುಡಿ ಕಡಿ ಹೋಗ್ಲಿಲ್ಲ, ಸೀದಾ ಹೊಳಿಗೆ ಇಳದ್ಲು. ಹತ್ತು ನಿಮಿಷ ಆತು, ಹದಿನೈದು ಆತು, ಬರಲಿಲ್ಲ. ಡ್ರೈವರು ಹಾರನ್ ಹೊಡ್ಯಾಕತ್ತಿದ. ನಾನೇ ಹೊಳಿ ಮೆಟ್ಟಲ ತನಕ ಹೋದೆ. ನೋಡ್ತೇನಿ, ಮೊಣಕಾಲಮಟ ನೀರಾಗ ನಿಂತಾಳ! ಎದಿ ಧಸಕ್ ಅಂತು. 'ಏ ತಂಗಿ, ಏನ್ ಮಾಡಾಕತ್ತಿ?' ಅಂದೆ. 'ಫೋಟೋ ಬಿದ್ದಿತ್ತು, ತಗೊಂಡೆ' ಅಂದ್ಲು. ಬಂದು ಕೂತು ಜೇವರ್ಗಿ ತನಕ ಆ ಫೋಟೋನ ವೇಲಿನಿಂದ ಒರಿಸಿದ್ದೇ ಒರಿಸಿದ್ದು."

"ಜೇವರ್ಗಿಯಾಗ ಇಳದು ಎಲ್ಲಿ ಹೋದ್ಲು?"

"ಅಂದೋಲಾಕ್ಕ ಗಾಡಿ ಎಲ್ಲಿ ನಿಲ್ತಾವಂತ ನನ್ನೇ ಕೇಳಿದ್ಲು."

ಡಿಪೊದ ಅಂಗಳದಲ್ಲೇ ನಿಂತು ಅಮರನಾಥ ಮಯೂರನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ.

"ಅಂದೋಲಾದಾಗ ನಿಮಗ ಯಾರರೆ ಪರಿಚಯದವರು?"

"ವೃಂದಾನ ಅಜ್ಜಿ ಇರ್ತಾಳ್ರಿ. ಆಕಿ ತಾಯಿಯ ತಾಯಿ, ರುಕ್ಮಿಣಿಬಾಯಿ."

"ವೃಂದಾ ಅಂದ್ರ ಚಹಾ ಕೊಟ್ಟ ಹುಡುಗಿ?"

"ಹೌದ್ರಿ. ನನ್ನ ಕಾಕಾನ ಮಗಳ ಮಗಳು. ತಂದಿ ಮೊದಲ ಹೋಗಿದ್ದ, ತಾಯಿ ತೀರಿಕೊಂಡಾಗ ಐದು ವರ್ಷದಾಕಿ. ಅವಾಗಿಂದ ನಮ್ಮಲ್ಲೇ..." ಮಾತು ಅಲ್ಲಿಗೇ ಕಡಿದುಹೋಯಿತು.

ಮಸೂದ ಲವಂಗ ಉಗಿದ. "ಪಾಪ, ಜಾವೀದ ಮದಿವಿ ಬಾಡಿಗಿ ಕಳಕೊಂಡ."

ಘತ್ತರಗಿಯ ಸೇತುವೆ ದಾಟುವಾಗ ಅಮರನಾಥ ಜೀಪು ನಿಧಾನ ಮಾಡಿಸಿದ. ಭೀಮೆ ಮಣ್ಣಿನ ಬಣ್ಣದಲ್ಲಿ ಹರಿಯುತ್ತಿತ್ತು. ಫೋಟೋಕ್ಕಾಗಿ ನೀರಿಗಿಳಿದವಳು ಫೈಲನ್ನು ಯಾಕೆ ಎಸೆಯಲಿಲ್ಲ ಎಂದು ಅವನು ತನಗೆ ತಾನೇ ಎಂಬಂತೆ ಕೇಳಿದ.

ಅಂದೋಲಾ ತಲುಪಿದಾಗ 12.40. ಮಠದ ಹಾದಿಯ ಬದಿಗೆ ಎರಡಂಕಣದ ಮನೆ. ರುಕ್ಮಿಣಿಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಏಳಲು ಹೋದಳು, ಏಳಲಾಗಲಿಲ್ಲ.

"ವೃಂದಾ ಮಂಗಳವಾರ ಬಂದಿದ್ಲೇನು ಅವ್ವಾ?"

"ಬಂದಿದ್ಲಪ್ಪಾ. ಒಂದು ತಾಸು ಇದ್ಲು. ಊಟಾ ಮಾಡು ಅಂದ್ರ ಮಾಡ್ಲಿಲ್ಲ."

"ಏನರೆ ಇಟ್ಟು ಹೋಗ್ಯಾಳೇನು?"

"ಆಕಿ ಸರ್ಟಿಫಿಕೇಟಂತ. ಯಾಕ ಬೇ, ಅಲ್ಲಿ ಇಡಾಕ ಜಾಗಾ ಇಲ್ಲೇನು ಅಂದೆ. 'ಇನ್ನ ನಾ ಇಲ್ಲೇ ಬರ್ತೇನಿ ಅಜ್ಜಿ, ಅಲ್ಲಿ ನನ್ನ ಕೆಲಸ ಮುಗೀತು' ಅಂದ್ಲು." ಮುದುಕಿ ಮೂವರ ಮುಖವನ್ನೂ ನೋಡಿ ವಿಜಯಶ್ರೀಯ ಕೈ ಹಿಡಿದಳು. "ಕೆಲಸ ಅಂದ್ರ ಏನ್ ಯವ್ವಾ? ಆಕಿ ಅಲ್ಲಿ ಮಗಳಾಗಿ ಹೋದಾಕಿ. ಕೆಲಸಕ್ಕ ಕಳಿಸಿಲ್ಲ ನಾ."

ವಿಜಯಶ್ರೀ ಕೈ ಬಿಡಿಸಿಕೊಳ್ಳಲಿಲ್ಲ.

ಫೈಲು ಹಿಟ್ಟಿನ ಡಬ್ಬಿಯ ಹಿಂದಿತ್ತು. ಜಪ್ತಿ ಪಂಚನಾಮೆ 1.15ಕ್ಕೆ. ಪಾಸ್‌ಪೋರ್ಟು ಎರಡು, ಹಳದಿ ಕಾರ್ಡು ಎರಡು, ಕೋರ್ಟಿನ ಕಾಗದ ಇಪ್ಪತ್ತಾರು ಹಾಳೆ. ಒಂದೂ ಹರಿದಿರಲಿಲ್ಲ, ಒಂದೂ ನೆನೆದಿರಲಿಲ್ಲ. ಕೊನೆಯದು ಸೆಪ್ಟೆಂಬರಿನ ಪೊಲೀಸ್ ವರದಿಯ ಝೆರಾಕ್ಸು. ಅದೊಂದೇ ಹಾಳೆಯ ಮೂಲೆ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಬಟ್ಟೆಯಂತೆ ಮೆತ್ತಗಾಗಿತ್ತು. ಅಮರನಾಥ ನಾಲ್ಕನೆಯ ಸಾಲನ್ನು ಬೆರಳಿಟ್ಟು ಓದಿದ.

"ಮನೆಗೆಲಸದವಳು. ನಿಮ್ಮ ಅಕ್ಷರ ಅಲ್ಲೇನಿದು?"

"ಹೌದ್ರಿ ಸರ್."

ಕೇಳಿದ್ದಕ್ಕೆ ಅಷ್ಟೇ ಹೇಳಿದಳು.

ಆಳಂದಕ್ಕೆ ಮರಳಿದಾಗ ನಾಲ್ಕೂ ಇಪ್ಪತ್ತು. ಹೆಣ್ಣುಮಗಳ ದಸ್ತಗಿರಿ ಹೊತ್ತು ಮುಳುಗುವ ಮೊದಲೇ ಮುಗಿಸಬೇಕೆಂದು ಅಮರನಾಥ ಜೀಪನ್ನು ನೇರ ಮಯೂರನ ಮನೆಗೆ ಬಿಡಿಸಿದ. ವೃಂದಾ ಪಡಸಾಲೆಯಲ್ಲಿ ಅನುರಾಧಾಳ ಸೀರೆಗಳಿಗೆ ಇಸ್ತ್ರಿ ಮಾಡಿ ಸೂಟ್‌ಕೇಸಿನಲ್ಲಿ ಜೋಡಿಸುತ್ತಿದ್ದಳು. ನೀಲಿ ಫೈಲು ಕಂಡಳು. ಮೊದಲು ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಆಮೇಲೆ ಎದ್ದು ನಿಂತಳು.

"ನೀನೇ ತಗೊಂಡಿದ್ದೇನು?"

"ಹೌದ್ರಿ."

"ಯಾಕ?"

"ಹೊಳಿಗೆ ಹಾಕಬೇಕಂತ."

"ಮತ್ತ ಹಾಕ್ಲಿಲ್ಲ?"

"ಫೈಲು ಬಿಚ್ಚಿ ಹಿಡದಿದ್ದೆ. ಆ ಕೂಸಿನ ಫೋಟೋ ಜಾರಿ ನೀರಾಗ ಬಿತ್ತು. ತೇಲಿ ಹೊಂಟಿತ್ತು. ಇಳದು ಹಿಡದೆ. ಆಮ್ಯಾಲೆ..." ಅವಳು ಮಡಚಿದ ಸೀರೆಯ ಅಂಚು ಸರಿಮಾಡಿದಳು. "ಆಮ್ಯಾಲೆ ಉಳಿದಿದ್ದು ಹಾಕಾಕ ಆಗ್ಲಿಲ್ರಿ. ಅಜ್ಜಿ ಹತ್ರ ಇಟ್ಟೆ."

"ಫೋಟೋ ಯಾಕ ತಿರುಗಿ ತಂದಿ?"

"ಮಾಮಿ ಮುಂಜಾನೆ ಅದನ್ನ ನೋಡದ ಚಹಾ ಕುಡಿಯಂಗಿಲ್ಲ."

ಅನುರಾಧಾ ಬಾಗಿಲಿಗೆ ಒರಗಿ ನಿಂತಿದ್ದಳು. "ವೃಂದಿ, ನಿನಗ ಆ ಕೂಸಿನ ಮ್ಯಾಲೆ ಏನ್ ಸಿಟ್ಟು? ನಾವೇನ್ ಕಮ್ಮಿ ಮಾಡಿದ್ವಿ?"

"ಕೂಸಿನ ಮ್ಯಾಲೆ ಸಿಟ್ಟಿಲ್ಲ ಮಾಮಿ."

"ಮತ್ತ?"

ವೃಂದಾ ಅತ್ತೆಯನ್ನೂ ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. ನೋಡಿದ್ದು ವಿಜಯಶ್ರೀಯನ್ನು. ಆ ನೋಟದಲ್ಲಿ ಬೈಗುಳವಿರಲಿಲ್ಲ. ನಿಮಗೆ ಗೊತ್ತಲ್ಲ ಎಂದಷ್ಟೇ ಇತ್ತು.

4.50ಕ್ಕೆ ವಿಜಯಶ್ರೀ ಅವಳ ತೋಳು ಮುಟ್ಟಿ ದಸ್ತಗಿರಿ ಮಾಡಿದ್ದನ್ನು ತಿಳಿಸಿದಳು. ತೋಳು ಇಸ್ತ್ರಿಯ ಕಾವಿಗೆ ಇನ್ನೂ ಬೆಚ್ಚಗಿತ್ತು. ತುಳಸಾಬಾಯಿ ಒಳಗಿನಿಂದ ಕೂಗುತ್ತಿದ್ದಳು: "ವೃಂದಿನ್ನ ಎಲ್ಲಿ ಕರಕೊಂಡು ಹೊಂಟ್ರಿ? ಲೇ ಮಯೂರಾ, ಬಾಯಾಗ ಮಣ್ಣು ತುಂಬ್ಯದೇನು, ಏನರೆ ಅನ್ನು!" ಮಯೂರ, ಅನುರಾಧಾ ಇಬ್ಬರೂ ಚಪ್ಪಲಿ ಮೆಟ್ಟಿ ಜೀಪಿನ ಹಿಂದೆಯೇ ಠಾಣೆಗೆ ಹೊರಟರು.

ಠಾಣೆಯಲ್ಲಿ ಜಾವೀದ ಬೆಳಗ್ಗೆ ಒಂಬತ್ತರಿಂದ ಬೆಂಚಿನ ಮೇಲಿದ್ದ. ಅಮರನಾಥ ಕೀಲಿಯ ಗೊಂಚಲು ಕೊಟ್ಟು, "ತಪ್ಪಾತು," ಎಂದ. ಜಾವೀದ ಕೀಲಿ ತಿರುವಿ ನೋಡಿದ, ವೃಂದಾಳನ್ನು ನೋಡಿದ, ಎದ್ದು ತನ್ನ ಜಾಗ ಬಿಟ್ಟುಕೊಟ್ಟ. "ಕೂಡವ್ವಾ. ಆ ತುದಿಗೆ ಕೂಡಬ್ಯಾಡ, ಮೊಳಿ ಎದ್ದಾವ."

ಮಸೂದ ಠಾಣೆಯ ಕಡತದಿಂದ ವರದಿಯ ಮೂಲಪ್ರತಿ ತೆಗೆದು ತಂದ. "ಸಾಹೇಬ್ರ, ಇದು ಬರೇ 305 ಅಲ್ಲ. ಕಲಂ 306 ಬೀಳ್ತದ. ಕೆಲಸದಾಳು ಧಣಿಯ ಸಾಮಾನು ಕದ್ದಂಗ. ಸಬೂತು ನಮ್ಮ ಕಡಿನೇ ಅದ. ವಿಜಯಶ್ರೀಬಾಯಿ ಮುತ್ತಿನಂಥಾ ಅಕ್ಷರದಾಗ ಬರದು ಇಟ್ಟಾರ."

ಅಮರನಾಥ ಮಯೂರನ ಕಡೆ ತಿರುಗಿದ. "ನಾಳೆ ಮುಂಜಾನೆ ಆಕಿನ್ನ ಮ್ಯಾಜಿಸ್ಟ್ರೇಟರ ಮುಂದ ಹಾಜರ್ ಮಾಡ್ತೇವಿ. ಅಲ್ಲೇ ಅರ್ಜಿ ಹಾಕ್ರಿ, ಪಾಸ್‌ಪೋರ್ಟು ಸಿಗ್ತಾವ. ನಿಮ್ಮ ವಿಮಾನ ತಪ್ಪಂಗಿಲ್ಲ. ಒಂದು ಮಾತು ಹೇಳ್ರಿ. ಈಕಿ ನಿಮಗ ಏನಾಗಬೇಕು?"

"ಮಗಳಂಗ ಸಾಕೀವಿ ಸರ್."

"ಮಗಳಂಗ ಅಂದ್ರ ಮಗಳೇನು? ಕಾಗದದಾಗ ಬ್ಯಾರೆ ಅದ. ಕಾಗದ ಖರೇನೋ, ಸುಳ್ಳೋ?"

ಮಯೂರ ಮೇಜಿನ ಮೇಲಿದ್ದ ನೀಲಿ ಫೈಲು ನೋಡಿದ. ಕಾಗದ ಸುಳ್ಳು ಎಂದರೆ ಆ ಫೈಲಿನೊಳಗಿನ ಇಪ್ಪತ್ತಾರು ಹಾಳೆಗಳೂ ಅನುಮಾನಕ್ಕೆ ಬೀಳುತ್ತವೆ. ಖರೆ ಎಂದರೆ ಬೆಂಚಿನ ಮೇಲಿರುವವಳು ಹದಿನಾಲ್ಕು ವರ್ಷ ಆ ಮನೆಯ ಆಳು. ಅನುರಾಧಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಮರನಾಥ ಗಡಿಯಾರ ನೋಡಿದ. "ಬರಕೋರಿ," ಎಂದು ವಿಜಯಶ್ರೀಗೆ ಹೇಳಿಸತೊಡಗಿದ. "ಸದರಿ ಆರೋಪಿತಳು ಫಿರ್ಯಾದಿದಾರರ ವಾಸದ ಮನೆಯಲ್ಲಿ ಸುಮಾರು ಹದಿನಾಲ್ಕು ವರ್ಷಗಳಿಂದ ಮನೆಗೆಲಸ ಮಾಡಿಕೊಂಡಿದ್ದು..."

'ಹದಿನಾಲ್ಕು ವರ್ಷಗಳಿಂದ' ಎಂಬಲ್ಲಿಯವರೆಗೆ ಪೆನ್ನು ಓಡಿತು. ಅಲ್ಲಿ ನಿಂತಿತು. ಬೆಂಚಿನ ಮೇಲೆ ವೃಂದಾ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಯಾರೋ ಅವುಗಳ ಮೇಲಿಂದ ಟ್ರೇ ಎತ್ತಿಕೊಂಡು ಹೋದ ಹಾಗೆ. ಹಣ ಬೇಕಾಗಿರಲಿಲ್ಲ ಅವಳಿಗೆ, ಆ ಕೋಣೆಯೂ ಬೇಕಾಗಿರಲಿಲ್ಲ. ಆ ಕೂಸಿಗೆ ಏಳು ಸಮುದ್ರದಾಚೆಯ ಕೋರ್ಟಿಗೆ ಹೋಗಿ ಕೊಡುತ್ತಿದ್ದ ಒಂದು ಪದವನ್ನು ಇವಳಿಗೆ ಮನೆಯ ಪಡಸಾಲೆಯಲ್ಲಿ ಕೂತು ಇಲ್ಲವೆಂದರು. ಅಷ್ಟೇ. ಅದನ್ನು ಬರೆದುಕೊಂಡ ಕೈ ಈಗ ಮತ್ತೆ ಅದನ್ನೇ ಬರೆಯುತ್ತಿತ್ತು.

"ಯಾಕ, ಎಲ್ಲಿ ನಿಂತ್ರಿ?" ಎಂದ ಅಮರನಾಥ.

"ಪೆನ್ನಿಗೂ ರಜಾ ಕೊಟ್ರೇನು ಬಾಯಿ?" ಎಂದ ಮಸೂದ.

ವಿಜಯಶ್ರೀ ಪೆನ್ನಿನ ಮುಚ್ಚಳ ಹಾಕಿದಳು. ಎದ್ದು ನಿಂತಳು. ದನಿ ಮೊದಲು ಒಡೆಯಿತು. ಕೆಮ್ಮಿ, ಬೆಂಚಿನ ಕಡೆಯೇ ನೋಡುತ್ತ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಅದು ಸುಳ್ಳರಿ ಸರ್. ಈಕಿ ಆ ಮನಿ ಮಗಳು. ಗೊತ್ತಿದ್ದೂ ನಾನೇ ಸುಳ್ಳು ಬರದೇನಿ, ಆಕಿ ಎದುರಿಗೇ."